ಸುಧಾರಿಸಿಕೊಳ್ಳುವ ಹೊತ್ತು

ಡಯಾಲಿಸಿಸ್ ಮುಗಿಸಿ ಮನೆಗೆ ಬಂದವರನ್ನು ನೋಡಿದ ಕೂಡಲೇ ಜನ ಕೇಳುವುದು ಒಂದೇ ಮಾತು: "ಈಗ ಹಗುರ ಆತಲ್ಲ?" ರಕ್ತ ತೊಳೆದು ಹಾಕಿದ್ದಾರೆ, ಕೆಟ್ಟ ನೀರೆಲ್ಲ ಹೊರಗೆ ಹೋಗಿದೆ, ಅಂದಮೇಲೆ ಇವಳು ಒಗೆದ ಬಟ್ಟೆಯ ಹಾಗೆ ಗರಿಗರಿಯಾಗಿರಬೇಕು ಎಂಬುದು ಅವರ ಲೆಕ್ಕ. ಅವರ ತಪ್ಪೇನೂ ಇಲ್ಲ. ಮೊದಲ ಸಲ ಮಷೀನು ಹಚ್ಚಿಸಿಕೊಳ್ಳುವ ಮುಂಚೆ ನಾನೂ ಹಾಗೇ ಅಂದುಕೊಂಡಿದ್ದೆ. ಒಗೆದ ಬಟ್ಟೆ ಎಂಬುದೇನೋ ಖರೆ. ಆದರೆ ಹಿಂಡಿ ಇಟ್ಟು, ಹರವಲು ಮರೆತ ಬಟ್ಟೆ.

ನಮ್ಮದು ಮಸ್ಕಿ. ಬಜಾರದಲ್ಲಿ ಪಾತ್ರೆ ಅಂಗಡಿ ಇದೆ. ನಮ್ಮ ಮನೆಯವರು ಬಸವರಾಜ, ಅವರ ಅಣ್ಣ, ಇಬ್ಬರೂ ಕೂಡಿ ನಡೆಸುತ್ತಾರೆ. ಮನೆ ಒಂದೇ, ಒಲೆಯೂ ಒಂದೇ. ಆ ಒಲೆಯ ಮುಂದೆ ಇಷ್ಟು ವರ್ಷ ನಾನು ಮತ್ತು ನನ್ನ ನೆಗೆಣ್ಣಿ, ಅಂದರೆ ಭಾವನ ಹೆಂಡತಿ ಮಹಾದೇವಿ, ಪಾಳಿ ಹಚ್ಚಿ ಕೂತಿದ್ದೇವೆ. ನನಗಿಂತ ದೊಡ್ಡವಳು, ಅಕ್ಕಾ ಅನ್ನುತ್ತೇನೆ. ಲಿಂಗಸುಗೂರಿನ ತವರಿನಿಂದ ನಾನು ಮದುವೆಯಾಗಿ ಬಂದ ಹೊಸದರಲ್ಲೇ, "ಗಿರಿಜಾ, ನಿನ್ನ ರೊಟ್ಟಿ ದಪ್ಪ ಆಗ್ಯಾವ," ಎಂದು ಎಲ್ಲರ ಮುಂದೆ ಹೇಳಿದವಳು. ಒಳಗೊಂದು ಹೊರಗೊಂದು ಇಲ್ಲ. ಅಂಥವರ ಜೊತೆ ಬಾಳುವುದು ಸುಲಭ ಎಂದು ಜನ ಹೇಳುತ್ತಾರೆ. ಬಾಳಿ ನೋಡಿದವರು ಹೇಳುವುದಿಲ್ಲ.

ನನ್ನ ಬೇನೆ ಮೊದಲು ಕಂಡದ್ದು ಕಾಲುಂಗುರದಲ್ಲಿ. ಒಂದು ಬೇಸಿಗೆಯಲ್ಲಿ ಕಾಲಿನ ಬೆರಳು ಬಾತು ಉಂಗುರ ಮಾಂಸದೊಳಗೆ ಹುಗಿಯತೊಡಗಿತು. ಅಕ್ಕ ಸಬೂನು ಹಚ್ಚಿ ತಿರುವಿದಳು, ಎಣ್ಣೆ ಹಚ್ಚಿ ಎಳೆದಳು, ಬರಲಿಲ್ಲ. ಕೊನೆಗೆ ಪತ್ತಾರರನ್ನು ಮನೆಗೇ ಕರೆಸಿ ಕತ್ತರಿಸಿದೆವು. ಉಂಗುರ ಹೋದ ಜಾಗದಲ್ಲಿ ತಗ್ಗು ಹಾಗೇ ಉಳಿಯಿತು. "ಉಪ್ಪಿನಕಾಯಿ ಬಾಳ ತಿಂತಿ, ಅದಕ್ಕ," ಅಂದಳು ಅಕ್ಕ. ನಾನೂ ನಂಬಿದೆ. ಅಷ್ಟರಲ್ಲಿ ಬಾಯಿಯ ರುಚಿ ಕೆಟ್ಟಿತ್ತು. ಏನು ತಿಂದರೂ ತಾಮ್ರದ ಕೊಡ ನೆಕ್ಕಿದ ಹಾಗೆ. ಮುಂಜಾನೆ ಎದ್ದರೆ ಓಕರಿಕೆ. ಮಾಳಿಗೆಗೆ ಹಪ್ಪಳ ಒಣಹಾಕಲು ಹತ್ತಿದರೆ ಉಬ್ಬಸ. ಒಬ್ಬರು ಪಿತ್ತ ಅಂದರು, ಒಬ್ಬರು ಗ್ಯಾಸ್ ಅಂದರು, ಇನ್ನೊಬ್ಬರು ಈ ವಯಸ್ಸಿನಲ್ಲಿ ಹೆಂಗಸರಿಗೆ ಹೀಗೆ ಆಗುತ್ತದೆ ಅಂದರು. ಎಲ್ಲರ ಗುಳಿಗೆಯನ್ನೂ ನುಂಗಿದೆ.

ತವರಿಗೆ ಹೋದಾಗ ನಮ್ಮಣ್ಣ ನನ್ನ ಮುಖ ನೋಡಿದವನೇ ಊಟಕ್ಕೂ ಕೂಡಿಸದೆ ಲಿಂಗಸುಗೂರಿನ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರು ಬಿಪಿ ನೋಡುವ ಪಟ್ಟಿಯನ್ನು ಒಂದು ಕೈಗೆ ಸುತ್ತಿದರು, ಬಿಚ್ಚಿದರು, ಇನ್ನೊಂದು ಕೈಗೆ ಸುತ್ತಿದರು. ಏನೋ ಆಗಿದೆ ಎಂದು ನನಗೆ ಗೊತ್ತಾದದ್ದು ಆಗ. ರಕ್ತದ ರಿಪೋರ್ಟು ಬಂದ ಮೇಲೆ, "ಮನಿಯವರು ಯಾರು ಬಂದಾರ?" ಎಂದು ಕೇಳಿದರು.

"ನಾನೇ ಬಂದೀನಲ್ರಿ," ಅಂದೆ.

ಅವರು ನಮ್ಮಣ್ಣನನ್ನು ಒಳಗೆ ಕರೆದು ನನ್ನನ್ನು ಹೊರಗೆ ಕೂಡಿಸಿದರು. ಎದುರಿನ ಬೆಂಚಿನ ಮೇಲೆ ಒಬ್ಬಾಕೆ ಚಹಾದಲ್ಲಿ ಬಿಸ್ಕೀಟು ನೆನೆಸಿ ಕೂಸಿಗೆ ತಿನ್ನಿಸುತ್ತಿದ್ದಳು. ಬಾಗಿಲ ಸಂದಿಯಿಂದ ಡಾಕ್ಟರ ಮಾತು ಅರ್ಧಂಬರ್ಧ ಕೇಳುತ್ತಿತ್ತು. "ಎರಡೂ" ಎಂಬ ಒಂದು ಶಬ್ದ ಮಾತ್ರ ನಿಚ್ಚಳವಾಗಿ ಕೇಳಿತು. ಎರಡೂ ಏನು, ಎರಡೂ ಏನು ಎಂದು ಯೋಚಿಸುತ್ತ ಕೂತೆ. ಕೂಸು ಬಿಸ್ಕೀಟು ಉಗುಳಿತು. ಆ ತಾಯಿ ಸೆರಗಿನಿಂದ ಅದರ ಬಾಯಿ ಒರೆಸಿ ಮತ್ತೊಂದು ಚೂರು ನೆನೆಸಿದಳು. ಅಣ್ಣ ಹೊರಗೆ ಬಂದಾಗ ಅವನ ಮುಖ ನೋಡುವ ಬದಲು ನಾನು ಆ ಕೂಸನ್ನೇ ನೋಡುತ್ತಿದ್ದೆ.

ನಮ್ಮ ಮನೆಯವರು ಎರಡೂ ಕಿಡ್ನಿ ಕೆಟ್ಟ ಸುದ್ದಿ ಕೇಳಿದವರೇ ಅಂಗಡಿಗೆ ಹೋಗಿ, ಸಾಲಾಗಿ ತೂಗುಹಾಕಿದ್ದ ಕೊಡಗಳನ್ನೆಲ್ಲ ಇಳಿಸಿ, ಒರೆಸಿ, ಮತ್ತೆ ಏರಿಸಿದರಂತೆ. ರಾಯಚೂರಿನ ದೊಡ್ಡ ಡಾಕ್ಟರಿಗೆ ತೋರಿಸಿಕೊಂಡು ಬಂದ ಮೇಲೆ ಸಣ್ಣದೊಂದು ಸ್ಟೀಲಿನ ತಂಬಿಗೆ ತಂದು ನನ್ನ ಕೈಯಲ್ಲಿಟ್ಟರು. "ದಿನಕ್ಕ ಇಷ್ಟ ನೀರು ಅಂದಾರ," ಅಂದರು. ಅಷ್ಟು ಹೇಳಿ ಹಿತ್ತಲಿಗೆ ಹೋದವರು ಬಹಳ ಹೊತ್ತು ಒಳಗೆ ಬರಲಿಲ್ಲ.

ಕಿಡ್ನಿ ಹಾಕಿಸುವ ಮಾತೂ ನಡೆಯಿತು. ನಮ್ಮ ಮನೆಯವರದು ನನಗೆ ಹೊಂದಲಿಲ್ಲ, ಅಣ್ಣನಿಗೆ ಬಿಪಿ, ಅವ್ವನಿಗೆ ವಯಸ್ಸಾಗಿದೆ. ಆ ಮಾತು ಅಲ್ಲಿಗೇ ನಿಂತಿದೆ; ಪೂರಾ ಮುಗಿದಿಲ್ಲ.

ಎಡಗೈಯ ರಕ್ತನಾಳ ಜೋಡಿಸಿ ಸೂಜಿ ಚುಚ್ಚಲು ಜಾಗ ಮಾಡಿದರು. ಗಾಯ ಮಾಯ್ದ ಮೇಲೆ ಅಲ್ಲಿ ಕಿವಿ ಇಟ್ಟರೆ ಗುಂಯ್ ಎಂದು ಸದ್ದು ಕೇಳುತ್ತದೆ. ಮುಂಜಾನೆ ಪೂಜೆಗೆ ಕೂತು ಅದೇ ಎಡಗೈಯಲ್ಲಿ ಇಷ್ಟಲಿಂಗ ಹಿಡಿದಾಗ ಮಣಿಕಟ್ಟಿನೊಳಗಿನ ಆ ನಡುಕ ಅಂಗೈಯವರೆಗೂ ಬರುತ್ತಿತ್ತು. ಮೊದಮೊದಲು ಹೆದರಿಕೆಯಾಗುತ್ತಿತ್ತು. ಆಮೇಲೆ ಅದೇ ಒಂದು ಧೈರ್ಯವಾಯಿತು. ಆ ಸದ್ದು ನಿಲ್ಲಬಾರದು ಎಂದು ಡಾಕ್ಟರು ಹೇಳಿದ್ದರಲ್ಲ. ದಿನಾ ಪೂಜೆಯ ಹೊತ್ತಿಗೆ ನಿಂತಿಲ್ಲ ಎಂದು ತಿಳಿಯುತ್ತಿತ್ತು.

ಡಯಾಲಿಸಿಸ್ ಸಿಂಧನೂರಿನಲ್ಲಿ. ವಾರದಲ್ಲಿ ಮೂರು ದಿನ, ಮುಂಜಾನೆಯ ಬಸ್ಸು. ನಾಲ್ಕು ತಾಸು ಮಷೀನು. ಮಲಗಿ ಮೇಲಿನ ಫ್ಯಾನು ನೋಡುವುದು, ಪಕ್ಕದವರ ಮಷೀನು ಕೂಗಿದರೆ ಬೆಚ್ಚಿ ನೋಡುವುದು, ಕೈ ಅಲುಗಿಸದೆ ಮೂಗು ತುರಿಸಿಕೊಳ್ಳುವುದು ಹೇಗೆ ಎಂದು ಯೋಚಿಸುವುದು. ನನ್ನ ಪಕ್ಕದ ಹಾಸಿಗೆ ಜವಳಗೇರಾದ ಹನುಮವ್ವನದು. ನೆಲ್ಲಿನ ಗದ್ದೆಗಳಲ್ಲಿ ಸಸಿ ಹಚ್ಚಿ ಬದುಕಿದವಳು. ಬಾಯಾರಿಕೆ ತಡೆಯಲು ಬಾಯಲ್ಲಿ ಒಂದು ಯಾಲಕ್ಕಿ ಇಟ್ಟುಕೊಂಡಿರುತ್ತಿದ್ದಳು. "ಹುಟ್ಟಿದಾಗಿಂದ ಮೊಣಕಾಲುಮಟ ನೀರಾಗ ನಿಂತೀನಿ. ಈಗ ಬೊಗಸಿ ನೀರು ಕುಡಿಬ್ಯಾಡ ಅಂತಾರ," ಎಂದು ನಗುತ್ತಿದ್ದಳು. ಅವಳು ನಕ್ಕರೆ ನರ್ಸುಗಳೂ ನಗುತ್ತಿದ್ದರು.

ಮಷೀನಿನಿಂದ ಎದ್ದ ಮೇಲಿನ ದಣಿವನ್ನು ಹೇಗೆ ಹೇಳಲಿ? ಹೊಲದಲ್ಲಿ ದುಡಿದು ಬಂದರೆ ಒಂದು ದಣಿವಿರುತ್ತದೆ. ಅದು ಉಂಡು ಮಲಗಿದರೆ ಹೋಗುತ್ತದೆ. ಇದು ಮಲಗಿದರೂ ಹೋಗುವುದಿಲ್ಲ, ಮಲಗಲೂ ಬಿಡುವುದಿಲ್ಲ. ಎಲುಬಿನೊಳಗೆ ಒದ್ದೆ ಮರಳು ತುಂಬಿದ ಹಾಗೆ. ಪಿಯುಸಿ ಓದುವ ಮಗಳು ಬಂದು "ಅವ್ವಾ" ಅಂದರೆ, ಹೂಂ ಎನ್ನಲು ತಲೆಯೊಳಗೆ ಒಂದು ಸಲ ತಯಾರಿ ಮಾಡಿಕೊಳ್ಳಬೇಕು. ಅಷ್ಟರಲ್ಲಿ ಅವಳು ಹೋಗಿಬಿಟ್ಟಿರುತ್ತಿದ್ದಳು.

ಆದರೆ ಮನೆಯಲ್ಲಿ ಒಲೆ ಆರುವುದಿಲ್ಲ. ಇಬ್ಬರು ಬಡಿಯುತ್ತಿದ್ದ ರೊಟ್ಟಿ ಅಕ್ಕ ಒಬ್ಬಳೇ ಬಡಿಯಬೇಕಾಯಿತು. ನಾನು ಒಳಗಿನ ಖೋಲಿಯಲ್ಲಿ ಮಲಗಿದ್ದರೆ ಅಡುಗೆಮನೆಯಿಂದ ಪಾತ್ರೆ ಕುಕ್ಕುವ ಸದ್ದು ಬರುತ್ತಿತ್ತು. ಪಾತ್ರೆ ವ್ಯಾಪಾರದ ಮನೆಯವಳು ನಾನು, ಯಾವ ಸದ್ದು ಕೈತಪ್ಪಿದ್ದು, ಯಾವುದು ಬೇಕೆಂದು ಕುಕ್ಕಿದ್ದು ಎಂದು ಗೊತ್ತಾಗದೆ ಇರುತ್ತದೆಯೇ? ಒಂದು ದಿನ ಪಕ್ಕದ ಮನೆಯಾಕೆಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: "ಅಲ್ಲಿ ಮಷೀನಿನ್ಯಾಗ ಮಲಗಿ ಬರ್ತಾಳ, ಇಲ್ಲಿ ಬಂದೂ ಮಲಗ್ತಾಳ."

ಅವತ್ತು ಹಟ ಹುಟ್ಟಿತು. ಎದ್ದು ಹೋಗಿ, ಅವಳ ಕೈಯಿಂದ ಹಿಟ್ಟಿನ ಪರಾತ ಎಳೆದುಕೊಂಡು ರೊಟ್ಟಿ ಬಡಿಯಲು ಕೂತೆ. ಮೊದಲ ರೊಟ್ಟಿ ಹಂಚಿಗೆ ಹಾಕಿದ್ದು ನೆನಪಿದೆ. ಆಮೇಲೆ ನೆನಪಿರುವುದು ಸೀದ ವಾಸನೆ, ಗೋಡೆಗೆ ಒರಗಿದ್ದ ನನ್ನ ತಲೆ, ರಟ್ಟೆ ಹಿಡಿದು ಎತ್ತುತ್ತಿದ್ದ ಅಕ್ಕನ ಕೈ. "ಏಳು, ನಡಿ ಒಳಗ," ಅಂದಳು. ಸಿಟ್ಟೋ ಏನೋ ತಿಳಿಯಲಿಲ್ಲ. ಅವತ್ತಿನಿಂದ ನಾವಿಬ್ಬರೂ ಬೇಕಾದಷ್ಟೇ ಮಾತಾಡತೊಡಗಿದೆವು.

ಹೀಗೆ ಇರುವಾಗ ನಮ್ಮ ವಾರ್ಡಿಗೆ ಒಬ್ಬ ಹೊಸ ಡಾಕ್ಟರಮ್ಮ ಬಂದರು. ಹೆಸರು ಶ್ರೀಲತಾ. ಕರಾವಳಿಯ ಕಡೆಯವರು, ಪುಸ್ತಕದ ಹಾಗೆ ಕನ್ನಡ ಮಾತಾಡುತ್ತಿದ್ದರು. ಔಷಧ ಬರೆಯುತ್ತಿರಲಿಲ್ಲ, ಬಿಪಿ ನೋಡುತ್ತಿರಲಿಲ್ಲ. ಸ್ಟೂಲು ಎಳೆದುಕೊಂಡು ಒಬ್ಬೊಬ್ಬರ ಹತ್ತಿರ ಕೂತು ಪ್ರಶ್ನೆ ಕೇಳುತ್ತಿದ್ದರು. ಡಯಾಲಿಸಿಸ್ ರೋಗಿಗಳ ದಣಿವಿನ ಮೇಲೆ ಸಂಶೋಧನೆ ಮಾಡುತ್ತಿದ್ದಾರಂತೆ. ಹನುಮವ್ವ ಅವರಿಗೆ "ಪ್ರಶ್ನಿ ಡಾಕ್ಟರಮ್ಮ" ಎಂದು ಹೆಸರಿಟ್ಟಳು.

ಅವರು ನಮ್ಮ ಹತ್ತಿರ ಬಂದು ಕೂತ ದಿನ, ಯಾವಾಗಲೂ ಜೊತೆಗಿರುವ ನಮ್ಮ ಮನೆಯವರು ಮಾಲು ತರಲು ಹೋಗಿದ್ದರು. ಜೊತೆಗೆ ಬರಲು ಬೇರೆ ಯಾರೂ ಇರಲಿಲ್ಲ, ಅಕ್ಕ ಬಂದಳು. ಬಸ್ಸಿನಲ್ಲಿ ಇಬ್ಬರೂ ಕಿಟಕಿಯ ಹೊರಗೆ ನೋಡುತ್ತ ಬಂದೆವು. ವಾರ್ಡಿನಲ್ಲಿ ಅವಳು ನನ್ನ ಕಾಲದೆಸೆಯಲ್ಲಿ ಚೀಲ ಮಡಿಲಲ್ಲಿಟ್ಟುಕೊಂಡು ಕೂತಳು. ನನ್ನ ಕೈಗೆ ಸೂಜಿ ಚುಚ್ಚುವುದನ್ನು ನೋಡಿ ಮುಖ ತಿರುಗಿಸಿದಳು. ಆಮೇಲೆ ರಕ್ತ ನಳಿಕೆಯಲ್ಲಿ ಹೊರಟು ಮಷೀನು ಸುತ್ತಿ ಮರಳಿ ಬರುವುದನ್ನು ಬಹಳ ಹೊತ್ತು ನೋಡಿದಳು.

ಡಾಕ್ಟರಮ್ಮ ಮೊದಲು ಹನುಮವ್ವನ ಹತ್ತಿರ ಕೂತರು. "ಡಯಾಲಿಸಿಸ್ ನಂತರ ಚೇತರಿಸಿಕೊಳ್ಳಲು ನಿಮಗೆ ಎಷ್ಟು ಸಮಯ ಬೇಕಾಗುತ್ತದೆ?"

"ಚೇತರಿಸ್ಕೊಳ್ಳೋದು ಅಂದ್ರ ಏನವಾ? ಸತ್ತು ಬದುಕೋದೇನು?"

ಡಾಕ್ಟರಮ್ಮ ನಕ್ಕರು. "ಹೆಚ್ಚುಕಡಿಮೆ ಅದೇ ಅಮ್ಮ. ನಿಮ್ಮ ಕಡೆ ಹೇಗೆ ಕೇಳಬೇಕು?"

"ಸುಧಾರಿಸ್ಕೊಳ್ಳಾಕ ಎಷ್ಟೊತ್ತು ಬೇಕು ಅಂತ ಕೇಳು."

"ಸರಿ. ಸುಧಾರಿಸಿಕೊಳ್ಳಲು ಎಷ್ಟೊತ್ತು ಬೇಕು?"

ಹನುಮವ್ವ ಯಾಲಕ್ಕಿಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು. "ಮುಂದಿನ ಸಲ ಇಲ್ಲಿಗೆ ಬರೋತನಕ," ಅಂದಳು.

ಡಾಕ್ಟರಮ್ಮ ಅದನ್ನೇ ಬರೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಅದೇ ಪ್ರಶ್ನೆ ಕೇಳಿದರು. ನಾನು ಅಕ್ಕನ ಕಡೆ ನೋಡಲಿಲ್ಲ. "ಒಂದೆರಡು ತಾಸು ಮಲಗಿದರ ಆತ್ರಿ. ಆಮ್ಯಾಲ ಎದ್ದು ಮನಿ ಕೆಲಸ ಮಾಡ್ಕೋತೀನಿ," ಅಂದೆ.

"ಸುಳ್ಳು ಹೇಳಾಕತ್ಯಾಳರಿ," ಅಂದಳು ಅಕ್ಕ.

ಡಾಕ್ಟರಮ್ಮ ಅವಳತ್ತ ನೋಡಿದರು. ಅಕ್ಕ ಚೀಲವನ್ನು ಕೆಳಗಿಟ್ಟು ಎದ್ದು ನಿಂತಳು. "ಅವತ್ತು ರಾತ್ರಿ ಆಕಿ ಉಣ್ಣಂಗಿಲ್ಲ. ಕೈಯಾಗ ತುತ್ತು ಕೊಟ್ರ ಹಿಡಕೊಂಡು ಹಂಗ ಕುಂದರ್ತಾಳ. ಮರುದಿನ ಮುಂಜಾನಿ ಮಾರಿ ತೊಳಕೊಳ್ಳಾಕ ಹೋದಾಕಿ ಬಚ್ಚಲದಾಗ ಗ್ವಾಡಿ ಹಿಡ್ಕೊಂಡು ನಿಂದರ್ತಾಳ. ಎಲ್ಲಿ ಬೀಳ್ತಾಳಂತ ನಾ ಹೊರಗ ನಿಂತಿರ್ತೀನಿ. ಮಧ್ಯಾನ ಊಟದ ಹೊತ್ತಿಗೆ, 'ಅಕ್ಕಾ, ಪಲ್ಯಾಕ ಉಪ್ಪು ಬಾಳ ಹಾಕಿಯೇನು?' ಅಂತ ಕೇಳ್ತಾಳ ನೋಡ್ರಿ, ಆಗ ಈಕಿ ಸುಧಾರಿಸ್ಯಾಳ ಅಂತ ತಿಳಕೊಳ್ಳೋದು. ಬರಕೋರಿ. ಮರುದಿನ ಮಧ್ಯಾನ."

ಬಚ್ಚಲ ಬಾಗಿಲ ಹೊರಗೆ ಅವಳು ನಿಂತಿರುತ್ತಾಳೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ನನ್ನ ದಣಿವನ್ನು ಅವಳು ದೂರು ಹೇಳಲು ಲೆಕ್ಕ ಹಾಕುತ್ತಿದ್ದಾಳೆ ಎಂದುಕೊಂಡಿದ್ದೆ. ಗಂಡನಿಗೂ ಕಾಣದ ಹಾಗೆ ಮುಚ್ಚಿಟ್ಟದ್ದನ್ನು ಅವಳು ಒಂದೂ ಬಿಡದೆ ನೋಡಿದ್ದಳು. ಕಣ್ಣು ತುಂಬಿದವು. ಒಂದು ಕೈಯಲ್ಲಿ ಸೂಜಿ, ಇನ್ನೊಂದರಲ್ಲಿ ಬಿಪಿ ಪಟ್ಟಿ, ಒರೆಸಿಕೊಳ್ಳಲು ಆಗಲಿಲ್ಲ. ಅಕ್ಕನೇ ಬಂದು ಸೆರಗಿನಿಂದ ಒರೆಸಿದಳು, ಪಾತ್ರೆ ತಿಕ್ಕಿದಷ್ಟೇ ಜೋರಾಗಿ.

ಮರಳಿ ಬರುವಾಗ ಬಸ್ಸಿನಲ್ಲಿ ಕೇಳಿದಳು: "ಯಾಕ ಸುಳ್ಳು ಹೇಳ್ದಿ?"

"ನೀ ಅಲ್ಲೇ ಇದ್ದಿಯಲ್ಲ, ಅದಕ್ಕ."

"ನಾ ಇದ್ರ ಏನು?"

"ಬರೇ ಮಲಗ್ತಾಳ ಅಂತೀಯಲ್ಲ."

"ಅಂತೀನಿ. ಇಬ್ಬರ ರೊಟ್ಟಿ ಒಬ್ಬಾಕಿ ಬಡದ್ರ ರಟ್ಟಿ ನೋಯ್ತಾವ, ಬಾಯಿ ಸುಮ್ಕ ಇರ್ತೈತೇನು? ಅಂತೀನಿ. ಆದ್ರ ನಿನ್ನ ದಣಿವು ಸುಳ್ಳು ಅಂತ ಯಾವಾಗ ಅಂದೀನಿ ಹೇಳು?"

ನಾನು ಅವಳ ರಟ್ಟೆಯ ಮೇಲೆ ಕೈಯಿಟ್ಟೆ.

ಮುಂದಿನ ವಾರ ಡಾಕ್ಟರಮ್ಮ ತಮ್ಮ ಅಧ್ಯಯನದ ವಿಷಯ ಬಿಡಿಸಿ ಹೇಳಿದರು. ಮಷೀನಿನಲ್ಲಿ ರಕ್ತದ ಪಕ್ಕ ಹರಿಯುವ ನೀರಿನ ಬಿಸಿಯನ್ನು ಒಂದು ಡಿಗ್ರಿಯಷ್ಟು ಇಳಿಸಿದರೆ ಬಿಪಿ ಕುಸಿಯುವುದು, ಆಮೇಲಿನ ಸುಸ್ತು, ಕಡಿಮೆಯಾಗುತ್ತದೆಯೇ ಎಂದು ನೋಡುವುದು. ಕೆಲವರಿಗೆ ತಣ್ಣಗೆ, ಕೆಲವರಿಗೆ ಈಗಿನ ಹಾಗೆ. ಯಾರಿಗೆ ಯಾವುದು ಎಂದು ಅವರೂ ಆರಿಸುವಂತಿಲ್ಲ. ಚೀಟಿ ಎತ್ತಿದ ಹಾಗೆ ಕಂಪ್ಯೂಟರು ಆರಿಸುತ್ತದೆ. "ಬೇಡ ಅನಿಸಿದ ದಿನ ಬಿಡಬಹುದು. ಬಿಟ್ಟರೆ ನಿಮ್ಮ ಡಯಾಲಿಸಿಸ್ಸಿಗೆ ಏನೂ ತೊಂದರೆಯಿಲ್ಲ. ಮನೆಯಲ್ಲಿ ಕೇಳಿ ಬನ್ನಿ," ಅಂದರು.

ನಮ್ಮ ಮನೆಯವರಿಗೆ ಸುತರಾಂ ಮನಸ್ಸಿರಲಿಲ್ಲ. "ನಿನ್ನ ಮ್ಯಾಲ ಪ್ರಯೋಗ ಮಾಡ್ತಾರ? ಇದ್ದದ್ದ ಸಾಕಾಗೇತಿ."

ಅಕ್ಕ ಒಳಗಿನಿಂದಲೇ ಕೂಗಿದಳು: "ಈಕಿ ಸಲುವಾಗಿ ಉಪ್ಪಿಲ್ಲದ ಸಾರು ದಿನಾ ಉಣ್ಣಾಕತ್ತೀವಿ. ಅದೇನು ಪ್ರಯೋಗ ಅಲ್ಲೇನು? ಸತ್ತೀವೇನು?" ಅವರು ನಕ್ಕರು. ಎಷ್ಟೋ ದಿನಗಳ ಮೇಲೆ ನಮ್ಮ ಮನೆಯಲ್ಲಿ ನಗು ಕೇಳಿತು. ಆದರೂ ಒಪ್ಪಿದ್ದು, ಅವರೇ ಸಿಂಧನೂರಿಗೆ ಬಂದು ಡಾಕ್ಟರಮ್ಮನಿಗೆ ನೂರೆಂಟು ಕೇಳಿದ ಮೇಲೆ.

ನಾನೂ ಹನುಮವ್ವನೂ ಇಬ್ಬರೂ ಹೆಸರು ಕೊಟ್ಟೆವು. ನನಗೆ ತಣ್ಣನೆಯದು ಬಂತು. ಅವಳಿಗೆ ಎಂದಿನದೇ.

ಸಿಂಧನೂರಿನ ಬಿಸಿಲು ಗೊತ್ತಿದ್ದವರಿಗೆ ಇದು ನಗೆಯ ಮಾತು: ಹೊರಗೆ ಡಾಂಬರು ಕರಗುತ್ತಿದ್ದರೆ ನಾನು ಒಳಗೆ ಹಲ್ಲು ಕಟಕಟಿಸುತ್ತ ಮಲಗಿರುತ್ತಿದ್ದೆ. ಚಳಿ ಹೊರಗಿನಿಂದ ಬಂದರೆ ಹೊದ್ದುಕೊಳ್ಳಬಹುದು. ಇದು ರಕ್ತದಲ್ಲೇ ಬರುತ್ತದೆ. ಅಕ್ಕ ಮನೆಯಿಂದ ಒಂದು ಕೌದಿ ಕಟ್ಟಿ ಕಳಿಸಿದಳು. ಹನುಮವ್ವ ಪಕ್ಕದಿಂದ, "ನಿನ್ನ ನಸೀಬು ಚಲೋ ಐತಿ ತಂಗಿ, ಬ್ಯಾಸಿಗ್ಯಾಗ ಚಳಿ. ನನಗೂ ಒಂದೀಟು ಈ ಕಡಿ ಬಿಡು," ಅನ್ನುತ್ತಿದ್ದಳು.

ಅವಳಿಗೆ ಆಗಲೇ ಬಿಪಿ ಕುಸಿಯುವುದು ಹೆಚ್ಚಾಗಿತ್ತು. ಮಾತಾಡುತ್ತಿದ್ದವಳು ನಡುವೆ ನಿಂತುಬಿಡುತ್ತಿದ್ದಳು. ಸಿಸ್ಟರ್ ಓಡಿ ಬಂದು ಕಾಲು ಮೇಲೆತ್ತಿ, ಸಲೈನು ಬಿಡುತ್ತಿದ್ದರು. ಕಣ್ಣು ತೆರೆದು, "ಎಲ್ಲಿತನಕ ಹೇಳಿದ್ದೆ?" ಎಂದು ನನ್ನನ್ನು ಕೇಳುತ್ತಿದ್ದಳು. ಒಂದು ಸೋಮವಾರ ನಾನು ಹೋದಾಗ ಅವಳ ಹಾಸಿಗೆ ಖಾಲಿ ಇತ್ತು. ಬಸ್ಸು ತಪ್ಪಿರಬೇಕು ಎಂದುಕೊಂಡೆ. ಸಿಸ್ಟರ್ ನನ್ನ ಸೂಜಿ ಚುಚ್ಚಿ ಪಟ್ಟಿ ಹಚ್ಚುವ ತನಕ ಸುಮ್ಮನಿದ್ದು, ಆಮೇಲೆ ಮೆಲ್ಲಗೆ ಹೇಳಿದರು. ಮನೆಯಲ್ಲಿ ಕೂತಲ್ಲೇ ಹೋಗಿಬಿಟ್ಟಳಂತೆ. ಬುಧವಾರ ಆ ಹಾಸಿಗೆಯ ಮೇಲೆ ಬೇರೆ ಯಾರೋ ಮಲಗಿದ್ದರು. ಕಾಯುವವರು ಬಹಳ ಜನ.

ಪ್ರಶ್ನಿ ಡಾಕ್ಟರಮ್ಮ ಬಂದಾಗ ಕೇಳಿಯೇ ಬಿಟ್ಟೆ. "ಆ ತಣ್ಣೀರು ನನ್ನ ಬದಲಿ ಹನುಮವ್ವಗ ಹೋಗಿದ್ರ ಆಕಿ ಉಳೀತಿದ್ಳೇನ್ರಿ?"

ಅವರು ಸ್ಟೂಲಿನ ಮೇಲೆ ಕೂತು ತಮ್ಮ ಕೈ ನೋಡಿಕೊಂಡರು. ಇಲ್ಲ ಎಂದು ಹೇಳಿ ನನ್ನನ್ನು ಸಮಾಧಾನ ಮಾಡಬಹುದಿತ್ತು. "ಗೊತ್ತಿಲ್ಲ ಗಿರಿಜಮ್ಮ," ಅಂದರು. "ಗೊತ್ತಿದ್ದರೆ ನಾವು ಚೀಟಿ ಎತ್ತುತ್ತಲೇ ಇರಲಿಲ್ಲ. ನಾನೂ ಎರಡು ದಿನದಿಂದ ಅದನ್ನೇ ಯೋಚಿಸುತ್ತಿದ್ದೇನೆ." ಅವರ ಪುಸ್ತಕದ ಕನ್ನಡ ಅವತ್ತು ಒಂದೆರಡು ಕಡೆ ತಡವರಿಸಿತು.

ಮನೆಗೆ ಬಂದು ಅಕ್ಕನಿಗೆ ಹೇಳಿದೆ, ನಾನು ಬಿಡುತ್ತೇನೆ, ನನಗೆ ಈ ಚಳಿ ಬೇಡ, ಇನ್ನೊಬ್ಬರ ಪಾಲಿನದು ಮೈಯಲ್ಲಿ ಹರಿದ ಹಾಗೆ ಆಗುತ್ತಿದೆ ಎಂದು. ಅವಳು ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದಳು. "ಬಿಡೋದಾದ್ರ ಚಳಿ ತಡಿಯಾಕ ಆಗವಲ್ದು ಅಂತ ಬಿಡು. ಹನುಮವ್ವನ ಹೆಸರು ಹೇಳಿ ಬಿಡಬ್ಯಾಡ," ಅಂದಳು. "ಆಕಿ ಕಡಿತನಕ ಉತ್ತರ ಕೊಟ್ಟಾಳ. ನೀ ನಡುವ ಬಿಟ್ರ ಆಕಿ ಹೇಳಿದ್ದನ್ನ ಯಾರ ಉತ್ತರದ ಜೋಡಿ ಇಟ್ಟು ನೋಡ್ತಾರ?"

ಬಿಡಲಿಲ್ಲ.

ಹೇಗಾಯಿತು ಎಂದು ಕೇಳಿದರೆ, ದೊಡ್ಡ ಚಮತ್ಕಾರವೇನೂ ಆಗಲಿಲ್ಲ. ಯಾವತ್ತಿನಿಂದ ಎಂದೂ ಹೇಳಲಾರೆ. ಮಳೆಗಾಲ ಹಿಡಿದ ಮೇಲೆ ಒಂದು ರಾತ್ರಿ ಊಟಕ್ಕೆ ಕೂತಾಗ ಅಕ್ಕ ನನ್ನ ಮುಖ ನೋಡಿ, "ಇವತ್ತು ಮಷೀನಿಗೆ ಹೋಗಿ ಬಂದೀಯಲ್ಲ?" ಅಂದಳು. ಹೂಂ ಅಂದೆ. "ಮತ್ತ ಮರುದಿನ ಮಧ್ಯಾನತನಕ ಕಾಯದ ರಾತ್ರಿಗೇ ಉಪ್ಪಿನ ತಕರಾರು ತಗದಿ."

ನೀರು ತಣ್ಣಗಾದದ್ದಕ್ಕೋ, ಮನೆಯಲ್ಲಿ ಸುಳ್ಳೇ ಎದ್ದು ಓಡಾಡುವುದನ್ನು ನಾನು ಬಿಟ್ಟದ್ದಕ್ಕೋ, ಪಾತ್ರೆಯ ಸದ್ದು ಕೇಳಿದರೆ ಎದೆ ಹೊಡೆದುಕೊಳ್ಳುವುದು ನಿಂತದ್ದಕ್ಕೋ, ನನಗೆ ಗೊತ್ತಿಲ್ಲ. ಡಾಕ್ಟರಮ್ಮನ ಲೆಕ್ಕ ಕೊನೆಗೆ ಏನು ಹೇಳಿತು ಎಂಬುದೂ ಗೊತ್ತಿಲ್ಲ. ಅದು ಇನ್ನೂ ಮುಗಿದಿಲ್ಲವಂತೆ, ಬೇರೆ ಊರುಗಳ ಲೆಕ್ಕವೂ ಕೂಡಬೇಕಂತೆ. ಅವರು ಹೋದ ಮೇಲೆ ವಾರ್ಡಿನ ಡಾಕ್ಟರು ನನಗೆ ಅದೇ ತಣ್ಣನೆಯ ನೀರನ್ನೇ ಮುಂದುವರಿಸಿದ್ದಾರೆ. ಕೆಲವು ಸಲ ರಾತ್ರಿಯೊಳಗೆ ಮನುಷ್ಯಳಾಗುತ್ತೇನೆ. ಕೆಲವು ಸಲ ಹಳೆಯ ಹಾಗೇ ಮರುದಿನ ಮಧ್ಯಾಹ್ನ. ದಣಿವು ಹೋಗಿಲ್ಲ. ಹೋಗುವುದಿಲ್ಲ ಎಂದೂ ಈಗ ಗೊತ್ತು.

ಇದನ್ನು ಓದುವವರಲ್ಲಿ ಯಾರಾದರೂ ಮಷೀನಿನಿಂದ ಬಂದು, ಗೋಡೆಯ ಕಡೆ ಮುಖ ಮಾಡಿ ಮಲಗಿ, ಅಡುಗೆಮನೆಯ ಸದ್ದಿಗೆ ಕಿವಿ ಕೊಟ್ಟಿದ್ದರೆ, ಅವರಿಗೆ ಒಂದು ಮಾತು. ಅದು ಸೋಮಾರಿತನವಲ್ಲ. ಎಷ್ಟು ಹೊತ್ತು ಬೇಕೋ ಅಷ್ಟನ್ನು ಖರೇ ಹೇಳಿಬಿಡಿ. ಕೇಳುವವರು ಸಿಗುವವರೆಗೆ ಕಾಯಬೇಡಿ.

ಈಚೆಗೆ ಹೆಚ್ಚಾಗಿ ಅಕ್ಕನೇ ನನ್ನ ಜೊತೆ ಬರುತ್ತಾಳೆ. ವಾರ್ಡಿನಲ್ಲಿ ಕೂತು ಬಂದವರನ್ನೆಲ್ಲ ಮಾತಾಡಿಸುತ್ತಾಳೆ. ಯಾರಿಗೆ ಹೇಗೆ ಶುರುವಾಯಿತು ಎಂದು ಕೇಳುವುದು ಅವಳ ಚಟ. ಸಕ್ಕರೆ ಕಾಯಿಲೆಯಿಂದ ಎಂದವರ ಹತ್ತಿರ ಹೆಚ್ಚು ಹೊತ್ತು ನಿಲ್ಲುತ್ತಿದ್ದುದನ್ನು ನಾನು ಗಮನಿಸಿದ್ದೆ. ಅವಳಿಗೂ ಬಹಳ ವರ್ಷದಿಂದ ಸಕ್ಕರೆ ಇದೆ. ಗುಳಿಗೆ ನುಂಗುತ್ತಾಳೆ, ಆದರೆ ತಪಾಸಣೆಗೆ ಹೋಗುವವಳಲ್ಲ. ಹೋದ ತಿಂಗಳು ನನ್ನ ಸೂಜಿ ತೆಗೆದು ಪಟ್ಟಿ ಕಟ್ಟುತ್ತಿದ್ದಾಗ ಸಿಸ್ಟರಿಗೆ ಕೇಳಿದಳು: "ಕಿಡ್ನಿ ನೋಡಾಕ ರಕ್ತ ಎಲ್ಲಿ ಕೊಡಬೇಕ್ರಿ?"

"ಯಾರದು?" ಅಂದರು ಸಿಸ್ಟರ್.

"ನಂದ."

ರಕ್ತ ಕೊಟ್ಟಳು, ಮೂತ್ರ ಕೊಟ್ಟಳು. ರಿಪೋರ್ಟಿಗೆ ಕಾಯಬೇಕು ಅಂದರು. ನನಗೆ ಕೂಡಲು ತ್ರಾಣವಿರಲಿಲ್ಲ. ಆದರೂ ಇಬ್ಬರೂ ಕಾಯುತ್ತ ಕೂತೆವು. ಹೊರಗಿನ ಬೆಂಚಿನ ಮೇಲೆ ಅವಳ ಚೀಲ ನನ್ನ ಮಡಿಲಲ್ಲಿತ್ತು. ಯಾರ ಹೆಸರು ಕೂಗಿದರೂ ಅವಳು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಅವಳ ಹೆಸರು ಕೂಗಿದಾಗ ಮಾತ್ರ ಏಳಲಿಲ್ಲ. ನಾನು ಕೈ ಹಿಡಿದು ಎಬ್ಬಿಸಿದೆ. ಇಬ್ಬರೂ ಒಳಗೆ ಹೋದೆವು.

"ಕಿಡ್ನಿ ಕೆಲಸ ಮಾಡಾಕತ್ತಾವ," ಅಂದರು ಡಾಕ್ಟರು. "ಆದ್ರ ಮೂತ್ರದಾಗ ಪ್ರೋಟೀನು ಸೋರಾಕತ್ತೈತಿ. ಈಗ ಬಂದದ್ದು ಚಲೋ ಆತು. ಗುಳಿಗಿ ಬದಲಿ ಮಾಡ್ತೀನಿ. ಸಕ್ಕರಿ, ಬಿಪಿ ಹಿಡಿತದಾಗ ಇಡ್ರಿ. ತಪ್ಪದ ಬರಬೇಕು."

ಅಕ್ಕ ಔಷಧದ ಚೀಟಿ ಮಡಚಿ ಸೆರಗಿಗೆ ಕಟ್ಟಿಕೊಂಡಳು. ದವಾಖಾನೆಯ ಗೇಟು ದಾಟಿದ ಮೇಲೆ, "ಮನ್ಯಾಗ ಹೇಳಬ್ಯಾಡ," ಅಂದಳು.

"ಹೇಳ್ತೀನಿ."

"ಇಬ್ಬರೂ ಹಾಸಿಗಿ ಹಿಡದ್ರ ರೊಟ್ಟಿ ಯಾರು ಬಡೀತಾರ?"

"ನೀ ಹಾಸಿಗಿ ಹಿಡದಿಲ್ಲ. ಹಿಡೀಬಾರ್ದು ಅಂತ ಇಲ್ಲಿಗೆ ಬಂದೀವಿ. ರೊಟ್ಟಿ ಅಣ್ಣತಮ್ಮರು ಬಡೀಲಿ, ಕೈಯಿಲ್ಲೇನು ಅವರಿಗೆ?"

"ದಪ್ಪ ಆಗ್ತಾವ," ಅಂದಳು. ನಕ್ಕಳೋ ಅತ್ತಳೋ, ಎರಡೂ ಕೂಡಿ ಬಂತೋ.

ಬಸ್ ನಿಲ್ದಾಣದಲ್ಲಿ ಮಸ್ಕಿ ಬಸ್ಸು ಬಂದಿತ್ತು. ಜನ ಬಾಗಿಲಿಗೆ ಮುತ್ತಿ ಸೀಟು ಹಿಡಿಯಲು ಕಿಟಕಿಯೊಳಗೆ ಟವೆಲು, ಚೀಲ ಎಸೆಯುತ್ತಿದ್ದರು. ಉಳಿದ ದಿನಗಳಲ್ಲಿ ಅಕ್ಕ ಮೊಣಕೈಯಿಂದ ದಾರಿ ಮಾಡಿ ಹತ್ತಿ, ನನಗೊಂದು ಸೀಟು ಹಿಡಿದು, ಒಳಗಿನಿಂದ ಕೂಗುತ್ತಾಳೆ. ಅವತ್ತು ನಿಂತಲ್ಲೇ ನಿಂತು ನೋಡಿದಳು.

"ಬಿಡು, ಹೋಗ್ಲಿ," ಅಂದಳು. "ಮುಂದಿನದಕ್ಕ ಹೋಗೋಣು."

ಬಸ್ಸು ಹೋಯಿತು. ಖಾಲಿಯಾದ ಕಟ್ಟೆಯ ಮೇಲೆ ಇಬ್ಬರೂ ಕೂತೆವು. ಸ್ವಲ್ಪ ಹೊತ್ತಿಗೆ ಮುಂದಿನ ಬಸ್ಸೂ ಬಂತು. "ಇನ್ನೊಂದೀಟು ಸುಧಾರಿಸ್ಕೋತೀನಿ," ಅಂದಳು ಅಕ್ಕ.